ಅಂಚಿನ ಮನೆಯ ಆನೆ

ಚದುರಂಗದ ಪಂದ್ಯವೆಂದರೆ ಇಬ್ಬರು ಗಲ್ಲಕ್ಕೆ ಕೈ ಹಚ್ಚಿ ಕೂತೇ ಇರುತ್ತಾರೆ ಎಂದು ತಿಳಿದವರು ಪಂದ್ಯ ನೋಡಿದವರಲ್ಲ. ಅರ್ಧ ಹೊತ್ತು ಆಟಗಾರರು ಕುರ್ಚಿಯಲ್ಲೇ ಇರುವುದಿಲ್ಲ. ತನ್ನ ನಡೆ ಮುಗಿಸಿ, ಗಡಿಯಾರದ ಗುಂಡಿ ಒತ್ತಿ, ಎದುರಿನವರ ತಲೆಗೆ ಹುಳ ಬಿಟ್ಟು ಎದ್ದು ಹೋಗುತ್ತಾರೆ. ನೀರು ಕುಡಿಯುತ್ತಾರೆ, ಕಿಟಕಿಯಾಚೆ ನೋಡುತ್ತಾರೆ, ಪಕ್ಕದ ಮೇಜಿನವನ ಆಟದಲ್ಲಿ ಮೂಗು ತೂರಿಸುತ್ತಾರೆ. ಈ ಕಥೆಯ ಅಣ್ಣನಂತೂ ಈ ವಿಷಯದಲ್ಲಿ ಹೆಸರುವಾಸಿ. ದಿನವಿಡೀ ಬಸ್ಸು ಓಡಿಸುತ್ತಾ ಸೀಟಿಗೆ ಅಂಟಿಕೊಂಡಿರುವವನು, ಪಂದ್ಯದ ದಿನವೂ ಕೂತೇ ಇರು ಎಂದರೆ ಹೇಗೆ ಇರುತ್ತಾನೆ? ಅವನ ಬೂಟಿನ ಸದ್ದು ಕೇಳಿಯೇ ಎದುರಾಳಿಗಳು ಅರ್ಧ ಸೋಲುತ್ತಿದ್ದರು.

ಇವತ್ತು ಮಾತ್ರ ಬೆಳಗ್ಗೆ ಕೂತವನು ಎದ್ದೇ ಇಲ್ಲ. ನೀರಿನ ಲೋಟ ಪಕ್ಕದಲ್ಲಿ ಹಾಗೇ ಇದೆ. ಎದುರಿಗೆ ಕೂತ ತಂಗಿಗೆ ಇದು ಯಾಕೆಂದು ಗೊತ್ತಿತ್ತು. ಗೊತ್ತಿತ್ತು ಎನ್ನುವುದಕ್ಕಿಂತ, ಗೊತ್ತಾಗಿದ್ದು ಸುಳ್ಳಾಗಲಿ ಎಂದು ಅವಳು ಬೆಳಗ್ಗೆಯಿಂದ ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದಳು.

ಅದು ನಗರದ ಚಾಂಪಿಯನ್ ಯಾರೆಂದು ತೀರ್ಮಾನವಾಗುವ ಕೊನೆಯ ಆಟ. ಸಾರ್ವಜನಿಕ ಗ್ರಂಥಾಲಯದ ಮೇಲ್ಮಹಡಿ, ಎತ್ತರದ ಕಿಟಕಿಗಳು, ನಡುವೆ ಒಂದೇ ಮೇಜು, ಸುತ್ತ ಹಗ್ಗ. ಹಗ್ಗದಾಚೆ ಚದುರಂಗದ ಕ್ಲಬ್ಬಿನ ಮಂದಿ ಉಸಿರು ಬಿಗಿಹಿಡಿದು ನಿಂತಿದ್ದರು. ಅಣ್ಣನನ್ನು ಎಲ್ಲರೂ ಡ್ರೈವರ್ ಎಂದೇ ಕರೆಯುವುದು. ಡ್ರೈವರ್ ಒಂದು ಸಲ ಆಟಕ್ಕೆ ಹತ್ತಿದರೆ ಕೊನೆಯ ಸ್ಟಾಪಿನವರೆಗೂ ಇಳಿಯುವುದಿಲ್ಲ ಎಂದು ಕ್ಲಬ್ಬಿನಲ್ಲಿ ತಮಾಷೆ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ತಂಗಿಗೆ ಗುಳಿಗೆ ಎಂದು ಹೆಸರಿಟ್ಟವನು ಅಣ್ಣನೇ. ನೋಡಲು ಸಣ್ಣ, ಬಾಯಿಗೆ ಕಹಿ, ನುಂಗಿ ಎಷ್ಟೋ ಹೊತ್ತಾದ ಮೇಲೆ ಕೆಲಸ ತೋರಿಸುತ್ತಾಳೆ ಎಂದು ಅವನ ವಿವರಣೆ. ಅವಳಿಗೆ ಆಟ ಕಲಿಸಿದವನೂ ಅವನೇ. ಇಷ್ಟು ವರ್ಷಗಳಲ್ಲಿ ಊರಿನ ಘಟಾನುಘಟಿಗಳನ್ನೆಲ್ಲ ಮಣ್ಣು ಮುಕ್ಕಿಸಿದ ಗುಳಿಗೆ, ಪಂದ್ಯದಲ್ಲಿ ಅಣ್ಣನನ್ನು ಮಾತ್ರ ಒಮ್ಮೆಯೂ ಸೋಲಿಸಿರಲಿಲ್ಲ.

ಗೆದ್ದರೆ ಹೇಗಿರಬಹುದು ಎಂದು ಎಷ್ಟು ಸಲ ಕನಸು ಕಂಡಿದ್ದಳೋ. ಈಗ ಆ ಕನಸು ಬೇಡವಾಗಿತ್ತು.

ಕೆಲವು ವಾರಗಳ ಹಿಂದಿನ ಮಾತು. ಅಣ್ಣನ ಮನೆಗೆ ಹೋಗಿದ್ದಾಗ, ಗೂಟಕ್ಕೆ ನೇತುಹಾಕಿದ್ದ ಅವನ ಕೋಟು ಜಾರಿ ಬಿತ್ತು. ಜೇಬಿನಿಂದ ಒಂದು ಪುಟ್ಟ ಬಾಟಲಿ ಉರುಳಿಕೊಂಡು ಬಂದು ಇವಳ ಕಾಲ ಬಳಿಯೇ ನಿಂತಿತು. ಹಳದಿ ಮುಚ್ಚಳ. ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದಿದ್ದರು. ಬೇರೆ ಯಾರಾದರೂ ಆಗಿದ್ದರೆ ಎತ್ತಿ ಕೊಟ್ಟು ಮರೆತುಬಿಡುತ್ತಿದ್ದರು. ದಿನಾ ಅಂಥ ಬಾಟಲಿಗಳನ್ನು ಕಪಾಟಿನಲ್ಲಿ ಜೋಡಿಸುವವಳಿಗೆ ಚೀಟಿ ಯಾಕೆ ಬೇಕು? ಕಣ್ಣೊಳಗಿನ ಒತ್ತಡ ಇಳಿಸಲು ಹಾಕುವ ಹನಿ ಅದು. ಆ ಕಾಯಿಲೆ ಮೊದಲು ತಿನ್ನುವುದು ನೋಟದ ಅಂಚನ್ನು. ನೇರ ನೋಡಿದ್ದು ಕನ್ನಡಿಯಷ್ಟು ಸ್ಪಷ್ಟ, ಪಕ್ಕದ್ದು ಇಲ್ಲವೇ ಇಲ್ಲ. ಕತ್ತಲೆಯೂ ಅಲ್ಲ, ಬರೀ ಇಲ್ಲ.

"ಇದು ಯಾರಿಗಣ್ಣ?" ಎಂದಿದ್ದಳು.

"ನಂಗೇ. ರಸ್ತೆ ಧೂಳು, ಕಣ್ಣುರಿ."

"ಧೂಳಿಗೆ ಇದನ್ನ ಕೊಡಲ್ಲ. ನಮ್ಮ ಅಂಗಡಿ ಬಿಟ್ಟು ಎಲ್ಲಿ ತಗೊಂಡೆ?"

"ಎಲ್ಲೋ ತಗೊಂಡೆ. ಮದ್ದು ಮಾರೋದು ಬಿಟ್ಟು ಡಾಕ್ಟರಿಕೆ ಯಾವಾಗ ಶುರು ಮಾಡ್ದೆ?" ಎಂದು ಬಾಟಲಿ ಕಿತ್ತುಕೊಂಡ. ನಕ್ಕ. ನಗುತ್ತಾ ಒಳಗೆ ಹೋಗುವಾಗ ಬಾಗಿಲ ಚೌಕಟ್ಟಿಗೆ ಭುಜ ತಗುಲಿಸಿಕೊಂಡ. ಅಡುಗೆಮನೆಯಿಂದ ಅತ್ತಿಗೆ, "ಈಚೆಗೆ ಇವರಿಗೆ ಬಾಗಿಲು ಸಾಲ್ತಾ ಇಲ್ಲ ನೋಡು, ಹೊಟ್ಟೆ ಬಂದಿದೆ" ಎಂದು ಗೇಲಿ ಮಾಡಿದಳು. ಪಾಪ, ಅತ್ತಿಗೆಗೆ ಏನೂ ಗೊತ್ತಿರಲಿಲ್ಲ.

ಆಮೇಲೆ ಇವಳು ಎಷ್ಟು ಸಲ ಕೇಳಿದರೂ ಒಂದೇ ಉತ್ತರ: ಧೂಳು. ಡಿಪೋದಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾರಲ್ಲ ಎಂದರೆ, ಪಾಸಾಗಿದ್ದೀನಿ ಎಂದು ಎದೆ ತಟ್ಟಿಕೊಳ್ಳುತ್ತಿದ್ದ. ಪಾಸಾಗದೆ ಏನು? ಗೋಡೆಗೆ ಅಕ್ಷರಗಳ ಪಟ ನೇತುಹಾಕಿ ಓದಿಸುತ್ತಾರೆ. ನೇರ ನೋಡುವುದರಲ್ಲಿ ಅವನದು ಇಂದಿಗೂ ಹದ್ದಿನ ಕಣ್ಣು. ಪಕ್ಕದಲ್ಲಿ ಏನಿದೆ ಎಂದು ಕೇಳುವವರು ಯಾರು? ಬಸ್ಸಿಗೆ ಒಂದು ಗೀರೂ ಮಾಡದ ಡ್ರೈವರ್ ಎಂದು ಡಿಪೋದ ಹಲಗೆಯ ಮೇಲೆ ಅವನ ಹೆಸರು ಬೇರೆ ಬರೆದಿದ್ದರು. ಆ ಹಲಗೆಗೆ ಅವನು ಗೆದ್ದ ಎಲ್ಲ ಟ್ರೋಫಿಗಳಿಗಿಂತ ಹೆಚ್ಚು ಬೆಲೆ ಕೊಡುತ್ತಿದ್ದ.

ಅವನ ಬಸ್ಸು ಹೋಗುವುದು ಮೂರು ಶಾಲೆಗಳ ಮುಂದೆ. ಡಿಪೋಗೆ ಹೋಗಿ ಹೇಳಿಬಿಡಲೇ ಎಂದುಕೊಳ್ಳುವುದು, ಅರ್ಧ ದಾರಿಯಿಂದ ವಾಪಸು ಬರುವುದು. ಒಂದು ಬಾಟಲಿ ನೋಡಿ ಒಡಹುಟ್ಟಿದವನ ಹೊಟ್ಟೆಯ ಮೇಲೆ ಹೊಡೆಯುವುದೇ? ಈಗಷ್ಟೇ ಶುರುವಾಗಿದ್ದರೆ? ಹನಿ ಹಾಕಿಕೊಂಡು ಕಾಯಿಲೆ ಅಲ್ಲಿಗೇ ನಿಂತಿದ್ದರೆ? ಹೀಗೇ ದಿನ ತಳ್ಳುತ್ತಾ, ಕೊನೆಗೆ ಇವತ್ತು ಅವನ ಎದುರಿಗೇ ಬಂದು ಕೂತಿದ್ದಳು.

ಕೂತ ಸ್ವಲ್ಪ ಹೊತ್ತಿಗೆ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಅಣ್ಣ ಚದುರಂಗದ ಹಲಗೆ ನೋಡುತ್ತಿರಲಿಲ್ಲ, ಅವಳ ಕೈ ನೋಡುತ್ತಿದ್ದ. ಕೈ ಯಾವ ಕಾಯಿ ಎತ್ತಿತು, ಎಲ್ಲಿ ಇಟ್ಟಿತು ಎಂಬುದನ್ನು ಕಣ್ಣಿಂದ ಬೆನ್ನಟ್ಟುತ್ತಿದ್ದ. ಅಷ್ಟು ತಿಳಿದರೆ ಅವನಿಗೆ ಸಾಕು. ಮೂವತ್ತೆರಡು ಕಾಯಿಯೂ ತಲೆಯಲ್ಲೇ ಇರುವವನಿಗೆ ಹಲಗೆ ಬರೀ ನೆಪ. ಆದರೆ ಎದ್ದು ಹೋದಾಗ ಇವಳು ನಡೆ ಮಾಡಿಬಿಟ್ಟರೆ? ಯಾವ ಕಾಯಿ ಎಲ್ಲಿಗೆ ಹೋಯಿತೆಂದು ಹುಡುಕಬೇಕಾಗುತ್ತದೆ, ಕೋಳಿಯಂತೆ ಕತ್ತು ಹೊರಳಿಸಬೇಕಾಗುತ್ತದೆ, ಹಗ್ಗದಾಚೆಯವರು ನೋಡುತ್ತಾರೆ. ಅದಕ್ಕೇ ಎದ್ದಿಲ್ಲ.

ಆಟ ಮಾತ್ರ ಸೊಗಸಾಗಿತ್ತು, ಸುಳ್ಳು ಹೇಳಬಾರದು. ಅಣ್ಣನ ಕಪ್ಪು ಕಾಯಿಗಳು ಬಿಗಿಯಾಗಿ ನಿಂತಿದ್ದವು, ಇವಳ ಬಿಳಿ ಕಾಯಿಗಳು ಸುತ್ತ ಮೂಸುತ್ತಾ ಸಂದಿ ಹುಡುಕುತ್ತಿದ್ದವು. ಒಮ್ಮೆ ಅವಳು ಕುದುರೆಯನ್ನು ಅಂಚಿಗೆ ಒಯ್ದಾಗ ಅವನು ತಕ್ಷಣ ಅದಕ್ಕೆ ತಕ್ಕ ಉತ್ತರ ಕೊಟ್ಟ. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ ನಗು ತಡೆಯಲು ಕೆನ್ನೆ ಕಚ್ಚಿಕೊಳ್ಳಬೇಕಾಯಿತು. ಕಾಣುತ್ತದೆ! ನಾನೇ ಹುಚ್ಚಿ, ಇಲ್ಲದ್ದು ಕಲ್ಪಿಸಿಕೊಂಡೆ! ಆದರೆ ಆ ಖುಷಿ ಬಹಳ ಹೊತ್ತು ಉಳಿಯಲಿಲ್ಲ. ಕುದುರೆಯನ್ನು ತಾನು ನಿಧಾನವಾಗಿ ಇಟ್ಟಿದ್ದು, ಅವನ ಕಣ್ಣು ಕೈಯ ಹಿಂದೆಯೇ ಬಂದಿದ್ದು ಅವಳಿಗೆ ನೆನಪಿತ್ತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಇಬ್ಬರ ಗಡಿಯಾರದಲ್ಲೂ ಸಮಯ ಕಡಿಮೆಯಾಗಿತ್ತು. ಹಲಗೆಯ ನಡುವೆ ಕಾಯಿಗಳು ಪಟಪಟನೆ ಹೊಡೆದಾಡಿಕೊಂಡು ಸತ್ತವು. ಧೂಳು ಅಡಗಿದ ಮೇಲೆ ನೋಡಿದರೆ, ಅವಳ ಒಂದು ಆನೆ ತನ್ನ ಮೊದಲ ಸಾಲಿನ ನಡುವೆ ನಿಂತಿತ್ತು. ಈಗ ಅವಳ ನಡೆ.

ಮಾಡಬೇಕಾದ್ದು ಏನೆಂದು ಮಗುವಿಗೂ ಗೊತ್ತಾಗುವಂತಿತ್ತು. ಅದೇ ಸಾಲಿನಲ್ಲಿ ಆನೆಯನ್ನು ಎಡಕ್ಕೆ ಜಾರಿಸಿ, ಅಂಚಿನಿಂದ ಎರಡನೆಯ ಮನೆಯಲ್ಲಿ ನಿಲ್ಲಿಸಬೇಕು. ಅದರ ಎದುರಿನ ದಾರಿ ಪೂರ್ತಿ ಖಾಲಿ. ಅಂಚಿನಲ್ಲಿರುವ ತನ್ನ ಒಂದು ಕಾಲಾಳು ಕಾವಲಿಲ್ಲದೆ ಹೋಗುತ್ತದೆ, ಹೋಗಲಿ. "ಆನೆಗೆ ಬಯಲು ಬೇಕು ಕಣೇ, ಒಂದು ಕಾಲಾಳಿಗೆ ಅಳ್ಬೇಡ" ಎಂದು ಅವಳು ಎರಡು ಜಡೆ ಹಾಕುತ್ತಿದ್ದ ಕಾಲದಲ್ಲಿ ಅಣ್ಣ ತಲೆಗೆ ಮೊಟಕಿ ಮೊಟಕಿ ಕಲಿಸಿದ ಪಾಠ. ಅವಳು ಅದನ್ನು ಎಂದೂ ಮೀರಿರಲಿಲ್ಲ. ಅವಳು ಮೀರುವುದಿಲ್ಲವೆಂದು ಅವನಿಗೂ ಗೊತ್ತಿತ್ತು.

ಆಗ ಅವಳಿಗೆ ಆ ಯೋಚನೆ ಬಂತು.

ಆನೆಯನ್ನು ಇನ್ನೂ ಒಂದು ಮನೆ ಎಡಕ್ಕೆ, ಕಟ್ಟಕಡೆಯ ಅಂಚಿಗೇ ಒಯ್ದರೆ? ಅಲ್ಲಿ ಅದು ತನ್ನದೇ ಕಾಲಾಳಿನ ಬೆನ್ನ ಹಿಂದೆ ಹೂತುಹೋಗುತ್ತದೆ. ಕೆಟ್ಟ ನಡೆ. ನಡುವಿನ ದಾರಿಯನ್ನು ಅಣ್ಣನಿಗೆ ತಟ್ಟೆಯಲ್ಲಿಟ್ಟು ಕೊಟ್ಟಂತೆ. ಕಣ್ಣಿದ್ದವನು ಒಂದೇ ಏಟಿಗೆ ಆ ದಾರಿ ಹಿಡಿದು ಅವಳನ್ನು ಮುಗಿಸುತ್ತಾನೆ. ಆದರೆ ಅಂಚು ಕಾಣದವನು ಆನೆ ಎಂದಿನ ಜಾಗದಲ್ಲೇ ನಿಂತಿದೆ ಎಂದುಕೊಳ್ಳುತ್ತಾನೆ. ಕಾಲಾಳಿಗೆ ಕಾವಲಿಲ್ಲ ಎಂದು ಮಂತ್ರಿಯಿಂದ ಹೊಡೆಯಲು ಬರುತ್ತಾನೆ. ಕಾಲಾಳಿನ ಹಿಂದೆಯೇ ಆನೆ ಕಾದಿರುತ್ತದೆ.

ಅವಳು ಸೋತರೆ ಅಣ್ಣನ ಕಣ್ಣು ಉಳಿದಿದೆ ಎಂದರ್ಥ, ಅವನ ಬಸ್ಸು ಉಳಿದಿದೆ ಎಂದರ್ಥ. ದೇವರೇ, ಸೋಲಿಸು, ಎಂದುಕೊಂಡಳು. ಗೆದ್ದರೆ ಏನರ್ಥ ಎಂಬುದನ್ನು ಮನಸ್ಸಿನಲ್ಲಿ ಪೂರ್ತಿ ಮಾಡಿಕೊಳ್ಳುವ ಧೈರ್ಯ ಬರಲಿಲ್ಲ.

ಆನೆಯ ತಲೆ ಹಿಡಿದು ಜಾರಿಸಿದಳು. ಮುಚ್ಚಿಡಲಿಲ್ಲ, ಮರೆ ಮಾಡಲಿಲ್ಲ, ಎಲ್ಲರೂ ಮಾಡುವ ಹಾಗೆಯೇ ಮಾಡಿದಳು, ಒಂದಿಷ್ಟು ಬೇಗ ಅಷ್ಟೆ. ಅಣ್ಣನ ಕಣ್ಣು ಅವಳ ಕೈಯನ್ನು ಅರ್ಧ ದಾರಿಯವರೆಗೆ ಬೆನ್ನಟ್ಟಿ, ಮುಂದಿನದು ಗೊತ್ತೇ ಇದೆ ಎಂಬಂತೆ ನಡುವಿಗೆ ಮರಳಿತು. ಅವಳು ಗುಂಡಿ ಒತ್ತಿದಳು. ಹಗ್ಗದಾಚೆ ಯಾರೋ ಲೊಚಗುಟ್ಟಿದರು. ಗುಳಿಗೆ ಇಂಥ ನಡೆ ಮಾಡಿದಳೇ ಎಂದು ಬೇಸರ ಅವರಿಗೆ.

ನೋಡು ಅಣ್ಣ. ಸ್ವಲ್ಪ ಕತ್ತು ತಿರುಗಿಸು. ಯಾರು ನಕ್ಕರೂ ನಗಲಿ, ಒಂದು ಸಲ ತಿರುಗಿಸು.

ಗಡಿಯಾರ ಓಡುತ್ತಿತ್ತು. ಅಣ್ಣನ ಮೀಸೆಯಂಚಿನಲ್ಲಿ ಸಣ್ಣ ನಗು ಬಂತು. ತಾನು ಕಲಿಸಿದ ಪಾಠವನ್ನು ತಂಗಿ ಚಾಚೂ ತಪ್ಪದೆ ಒಪ್ಪಿಸಿದಳೆಂಬ ಹಳೆಯ ನಗು ಅದು. ಅವಳು ಮೊದಲ ಸಲ ಶಾಲೆಯ ಪಂದ್ಯ ಗೆದ್ದಾಗಲೂ ಹೀಗೇ ನಕ್ಕಿದ್ದ. ಆಮೇಲೆ ಮಂತ್ರಿಯನ್ನು ಎತ್ತಿದ. ಕಣ್ಣು ನಡುವಿನಲ್ಲೇ ಇಟ್ಟು, ಕೈಯ ಅಂದಾಜಿನ ಮೇಲೆ ಓರೆಯಾಗಿ ಹಲಗೆ ದಾಟಿಸಿ ಅಂಚಿನ ಕಾಲಾಳಿನ ಜಾಗದಲ್ಲಿ ಇಳಿಸಿದ. ಬಿಳಿ ಕಾಲಾಳನ್ನು ಬೆರಳುಗಳಲ್ಲಿ ಹಿಡಿದು ಎತ್ತುವಾಗ ಅವನ ಕಿರುಬೆರಳು ಹಿಂದಿನ ಮನೆಯಲ್ಲಿದ್ದ ಆನೆಗೆ ತಗುಲಿತು.

ಅಲ್ಲಿ ಇರಬಾರದಾದ ಆನೆಗೆ.

ಬೆರಳು ಅಲ್ಲೇ ನಿಂತಿತು. ಒಮ್ಮೆ ಆನೆಯ ತಲೆಯ ಮೇಲಿನ, ಕೋಟೆ ಗೋಡೆಯಂಥ ಹಲ್ಲುಗಳನ್ನು ಸವರಿ ನೋಡಿತು. ಈಗ ಅವನು ಕತ್ತು ತಿರುಗಿಸಿದ. ತಿರುಗಿಸಿ ಏನು ಬಂತು? ಮುಟ್ಟಿದ ಕಾಯಿ ನಡೆಸಲೇಬೇಕು, ಇಟ್ಟ ಕಾಯಿ ಎತ್ತುವಂತಿಲ್ಲ. ಹಗ್ಗದಾಚೆ ಜನ ಬಾಯಿ ಮೇಲೆ ಕೈ ಇಟ್ಟುಕೊಂಡಿದ್ದರು. ಡ್ರೈವರ್ ಮಂತ್ರಿಯನ್ನು ಹೀಗೆ ಸುಮ್ಮನೆ ಕಳೆದುಕೊಂಡದ್ದನ್ನು ಅವರು ಹಿಂದೆ ಕಂಡಿರಲಿಲ್ಲ.

ಅವನು ತಂಗಿಯ ಮುಖ ನೋಡಿದ. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಬೇರೆ ವಿವರಣೆ ಅವನಿಗೆ ಬೇಕಾಗಲಿಲ್ಲ. ಗಡಿಯಾರ ನಿಲ್ಲಿಸಿ, ಸೋಲೊಪ್ಪಿ ಕೈ ಚಾಚಿದ.

ಚಪ್ಪಾಳೆ ಬಿತ್ತು. ತೀರ್ಪುಗಾರರಾದ ನಿವೃತ್ತ ಮೇಷ್ಟ್ರು ಟ್ರೋಫಿ ತಂದು ಅವಳ ಕೈಗಿಟ್ಟು, "ವಯಸ್ಸು ಯಾರನ್ನೂ ಬಿಡಲ್ಲಮ್ಮ, ನಿಮ್ಮಣ್ಣನಿಗೂ ಬಂತು ನೋಡು" ಎಂದು ಬೆನ್ನು ತಟ್ಟಿದರು. ಅವರನ್ನು ತಳ್ಳಿಬಿಡಬೇಕೆನಿಸುವಷ್ಟು ಸಿಟ್ಟು ಬಂತು ಅವಳಿಗೆ. ನಕ್ಕು ಟ್ರೋಫಿಯನ್ನು ಚೀಲಕ್ಕೆ ಹಾಕಿಕೊಂಡಳು.

ಆಟ ಮುಗಿದ ಮೇಲೆ ಇಬ್ಬರೂ ಪಕ್ಕದ ಕೋಣೆಗೆ ಹೋಗಿ, ಇನ್ನೊಂದು ಹಲಗೆಯಲ್ಲಿ ಅದೇ ಆಟವನ್ನು ಮೊದಲಿಂದ ಬಿಚ್ಚಿ ನೋಡುವುದು ಕ್ಲಬ್ಬಿನ ವಾಡಿಕೆ. ಸೋತವರು ಕಾಯಿ ಜೋಡಿಸಬೇಕು. ಇವತ್ತು ಬೇಡವೇನೋ ಎಂದು ಅವಳು ಅಂದುಕೊಳ್ಳುವಷ್ಟರಲ್ಲಿ ಅಣ್ಣ ಆ ಕೋಣೆ ಹೊಕ್ಕಿದ್ದ. ಬಾಗಿಲು ಹಾಕಿದ. ಕಾಯಿ ಜೋಡಿಸಿದ. ಇಬ್ಬರ ನಡೆಗಳನ್ನೂ ತಾನೇ ಸರಸರನೆ ಆಡುತ್ತಾ ಹೋದ, ಒಂದೂ ತಪ್ಪದೆ. ಆ ಜಾಗ ಬಂದಾಗ ಬಿಳಿ ಆನೆಯನ್ನು ಜಾರಿಸಿ ಅಂಚಿನಿಂದ ಎರಡನೆಯ ಮನೆಯಲ್ಲಿ ನಿಲ್ಲಿಸಿದ.

"ಇಲ್ಲಿಟ್ಟೆ ನೀನು," ಎಂದ.

"ಇಲ್ಲಣ್ಣ."

"ಗೊತ್ತು. ಆದ್ರೆ ನನ್ನ ತಲೇಲಿ ಈಗ್ಲೂ ಇಲ್ಲೇ ಇದೆ." ಆನೆಯಿಂದ ಬೆರಳು ತೆಗೆದ. "ಬೇಕಂತಲೇ ಮಾಡ್ದೆ, ಅಲ್ವಾ?"

"ಹೂಂ."

"ಹಂಗಾದ್ರೆ ನಾವು ಆಡ್ಲಿಲ್ಲ ಇವತ್ತು. ನಾನು ಆಡ್ತಿದ್ದೆ, ನೀನು ಪರೀಕ್ಷೆ ಮಾಡ್ತಿದ್ದೆ."

ಅವಳ ಬಾಯಿಂದ ಬೇರೆಯದೇ ಮಾತು ಹೊರಟಿತು. "ನಾಳೆ ಬಸ್ ಹತ್ಬೇಡ ಅಣ್ಣ."

"ಹತ್ತಿದ್ರೆ?"

"ನಾನೇ ಡಿಪೋಗೆ ಹೋಗಿ ಹೇಳ್ತೀನಿ."

"ಹೇಳ್ತೀಯಾ?"

"ಹೇಳ್ತೀನಿ."

ಅವನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕೈಯಲ್ಲಿದ್ದ ಕಾಯಿಯನ್ನು ತಿರುಗಿಸುತ್ತಾ, "ಪಕ್ಕದ ಕನ್ನಡಿ ಸರಿ ಇಲ್ಲ ಅಂತ ಮೆಕ್ಯಾನಿಕ್ ಹತ್ರ ಜಗಳ ಆಡಿ ಆಡಿ ಬದಲಾಯಿಸ್ತಾ ಇದ್ದೆ" ಎಂದ. "ಪಾಪ, ಹೊಸ ಹೊಸ ಕನ್ನಡಿ ಹಾಕ್ಕೊಟ್ಟ. ಹೋದ ವಾರ ಒಬ್ಬ ಸೈಕಲ್‌ನವನು. ಕಂಡಕ್ಟರ್ ಕಿರುಚ್ಕೊಂಡ, ಬ್ರೇಕ್ ಒತ್ತಿದೆ. ಎಲ್ಲಿಂದ ಸಾಯಕ್ಕೆ ಬಂದ್ಯೋ ಅಂತ ಬಾಯಿಗೆ ಬಂದಂಗೆ ಬೈದೆ ಅವನ್ನ. ಮೊದಲಿಂದ್ಲೂ ಪಕ್ಕದಲ್ಲೇ ಬರ್ತಾ ಇದ್ನಂತೆ."

"ಅಣ್ಣ..."

"ಆಗ್ಲೇ ಬಿಡಬೇಕಿತ್ತು. ಈ ಪಂದ್ಯ ಒಂದು ಮುಗೀಲಿ ಅಂದ್ಕೊಂಡೆ. ಇದನ್ನ ಗೆದ್ರೆ ಇನ್ನೂ ಕಾಣುತ್ತೆ ಅಂತ ನಂಗೆ ನಾನೇ ಹೇಳ್ಕೊಬೋದಲ್ಲ." ಅವನು ಎರಡನೆಯ ಮನೆಯಲ್ಲಿದ್ದ ಆನೆಯನ್ನು ಎತ್ತಿ ಡಬ್ಬಿಗೆ ಹಾಕಿದ. "ಬೇರೆಯವರ ಎದುರು ಕಣ್ಣಿಂದ ಆಡ್ಬೇಕು ಕಣೇ. ಕಷ್ಟ ಆಗ್ತಿತ್ತು. ನಿನ್ನ ಎದುರು ಮಾತ್ರ ಕಣ್ಣು ಬೇಕಿರ್ಲಿಲ್ಲ ನಂಗೆ. ನಿನ್ನ ಕೈ ಎಲ್ಲಿ ನಿಲ್ಲುತ್ತೆ ಅಂತ ನಂಗೆ ಗೊತ್ತಿತ್ತು. ಪೂರ್ತಿ ಕುರುಡಾದ್ಮೇಲೂ ನಿನ್ನ ಜೊತೆ ಆಡ್ಬೋದು ಅಂದ್ಕೊಂಡಿದ್ದೆ."

ಅಷ್ಟು ಹೇಳಿ ಡಬ್ಬಿಯ ಮುಚ್ಚಳ ಹಾಕಿದ. ಅವನ ಕಣ್ಣನ್ನು ಕಾಯಿಲೆ ತಿಂದಿತ್ತು, ಅದಕ್ಕೆ ಅವಳು ಕಾರಣಳಲ್ಲ. ಅದು ಹೋದ ಮೇಲೆ ಅವನಿಗೆ ಉಳಿಯಬೇಕಾಗಿದ್ದ ಒಂದೇ ಒಂದನ್ನು ಅವಳ ಕೈಯೇ ತೆಗೆದುಬಿಟ್ಟಿತ್ತು. ಬೇರೆ ದಾರಿ ಇರಲಿಲ್ಲ ಎಂದು ಎಷ್ಟು ಹೇಳಿಕೊಂಡರೂ ಎದೆ ಕೇಳಲಿಲ್ಲ.

ಡಿಪೋ ಅಲ್ಲಿಂದ ದೂರವೇನಲ್ಲ. ಇಬ್ಬರೂ ನಡೆದೇ ಹೋದರು. ಅವಳು ಗೇಟಿನ ಹೊರಗೆ ನಿಂತಳು, ಅವನು ಒಬ್ಬನೇ ಒಳಗೆ ಹೋದ. ಸಾಲಾಗಿ ನಿಂತ ಬಸ್ಸುಗಳ ನಡುವೆ ಅವನ ಬೆನ್ನು ಮರೆಯಾಗುವುದನ್ನು ನೋಡುತ್ತಾ ನಿಂತಳು. ಚೀಲದಲ್ಲಿದ್ದ ಟ್ರೋಫಿ ತೊಡೆಗೆ ಒತ್ತುತ್ತಿತ್ತು. ಅದನ್ನು ಎಲ್ಲಾದರೂ ಬಿಟ್ಟು ಹೋಗಿಬಿಡೋಣ ಎನಿಸಿತು.

ಅವನು ಹೊರಗೆ ಬಂದಾಗ ಡ್ರೈವರನ ಕೋಟು ಮೈಮೇಲಿರಲಿಲ್ಲ, ಒಳಗೇ ಒಪ್ಪಿಸಿ ಬಂದಿದ್ದ. ಬರೀ ಅಂಗಿಯಲ್ಲಿ ಅಣ್ಣ ಇದ್ದಕ್ಕಿದ್ದಂತೆ ಸಣ್ಣವನಾಗಿ ಕಂಡ. ಅವಳು ಮುಂದೆ ಹೋಗಿ ತೋಳು ಹಿಡಿಯಲು ಕೈ ಚಾಚಿದಳು. ಅವನು ಮೆಲ್ಲಗೆ ಸರಿದು, ಡಿಪೋದ ಉದ್ದನೆಯ ಕಾಂಪೌಂಡ್ ಗೋಡೆಗೆ ಬೆರಳು ಹಚ್ಚಿಕೊಂಡು ನಡೆಯತೊಡಗಿದ. ಅವಳು ಒಂದು ಹೆಜ್ಜೆ ಹಿಂದೆ ನಡೆದಳು.

"ಅಂಚಿಗೆ ಆನೆ ಇಟ್ಟಿದ್ದು ಕೆಟ್ಟ ನಡೆ," ಎಂದ ಸ್ವಲ್ಪ ದೂರ ಹೋದ ಮೇಲೆ. "ನಾನು ನೋಡಿದ್ದಿದ್ರೆ ನಡುವಿನ ದಾರಿ ಹಿಡಿದು ಅಲ್ಲೇ ನಿನ್ನ ಕಥೆ ಮುಗಿಸ್ತಿದ್ದೆ."

"ಮುಗಿಸ್ಲಿ ಅಂತಲೇ ಇಟ್ಟೆ," ಎಂದಳು. "ಗಡಿಯಾರ ಓಡ್ತಿದ್ದಷ್ಟು ಹೊತ್ತೂ ನೋಡಣ್ಣ ನೋಡಣ್ಣ ಅಂತ ಬೇಡ್ಕೊಳ್ತಿದ್ದೆ."

ಅವನು ನಿಂತ. ತಿರುಗಲಿಲ್ಲ. ಗೋಡೆಯ ಮೇಲಿದ್ದ ಬೆರಳುಗಳು ಒಮ್ಮೆ ಮಡಚಿಕೊಂಡವು. ಮತ್ತೆ ನಡೆದ.

ಗೋಡೆ ಮುಗಿಯಿತು. ಮುಂದೆ ಅಡ್ಡರಸ್ತೆ, ಆಚೆ ಬದಿಗೆ ಮನೆಯ ದಾರಿ. ಇಷ್ಟು ವರ್ಷ ದಿನಾ ಬಸ್ಸು ತಿರುಗಿಸುತ್ತಿದ್ದ ಮೂಲೆ ಅದು. ಅವನು ಅಂಚಿನಲ್ಲಿ ನಿಂತು ನೇರಕ್ಕೆ ನೋಡಿದ, ಕತ್ತು ಆಚೆ ತಿರುಗಿಸಿದ, ಈಚೆ ತಿರುಗಿಸಿದ, ಮತ್ತೆ ಆಚೆ ತಿರುಗಿಸಿದ. ಕಾಲು ಮಾತ್ರ ಮುಂದೆ ಇಡಲಿಲ್ಲ. ಅವಳು ಪಕ್ಕದಲ್ಲೇ ಇದ್ದಳು. ಕೈ ಚಾಚಲು ಈಗ ಧೈರ್ಯವಿರಲಿಲ್ಲ.

"ಬಸ್ ಬರ್ತಾ ಇದ್ಯಾ?" ಎಂದು ಕೇಳಿದ.

ಅವಳು ಎರಡೂ ಕಡೆ ನೋಡಿದಳು. ಇನ್ನೊಮ್ಮೆ ನೋಡಿದಳು.

"ಇಲ್ಲ," ಎಂದಳು.

ಅಣ್ಣ ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದ, ತಾನೇ ಕಿವಿಗೊಟ್ಟು ಕೇಳುತ್ತಾ. ಆಮೇಲೆ ಅವಳ ಮಾತಿನ ಮೇಲೆ ರಸ್ತೆಗೆ ಇಳಿದ.